ಅಂಗಡಿ ಮುಚ್ಚದೇನೇ ಬಿಲ್ಡಿಂಗ್ ಕೆಳಗಿನ ಸಾಲ್ವೆಂಟ್ ಕ್ಲೀನ್ ಮಾಡ್ಸೋದು ಹೇಗೆ

ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಸನ್ನಿವೇಲ್, ಸಾಂತಾ ಕ್ಲಾರಾ, ಫ್ರೀಮಾಂಟ್ ಕಡೆ ನಮ್ಮವರು ನಾಲ್ಕು ಜನ ಸೇರ್ಕೊಂಡು ಚಿಕ್ಕ ಶಾಪಿಂಗ್ ಸೆಂಟರ್ ತಗೊಳ್ತಾರೆ, ಒಂದು ದಿನಸಿ ಅಂಗಡಿ, ಒಂದು ದೋಸೆ ಹೋಟೆಲ್ಲು, ಒಬ್ಬ ಡೆಂಟಿಸ್ಟ್, ಮೂಲೇಲಿ ಭರತನಾಟ್ಯ ಕ್ಲಾಸು, ಬಾಡಿಗೆ ಕರೆಕ್ಟಾಗಿ ಬರ್ತಿರತ್ತೆ. ಆಮೇಲೆ ಲೋನ್ ರಿಫೈನಾನ್ಸ್ ಮಾಡ್ಸೋಕೆ ಹೋದಾಗ ಬ್ಯಾಂಕಿನವರು ಫೇಸ್ ಒನ್ ರಿಪೋರ್ಟ್ (ಜಾಗದ ಹಳೇ ಚರಿತ್ರೆ ನೋಡಿ ಕಲುಷಿತ ಆಗಿರಬಹುದಾ ಅಂತ ಹೇಳೋ ವರದಿ) ಕೇಳ್ತಾರೆ, ಅದ್ರಲ್ಲಿ ಈ ಯೂನಿಟ್‌ನಲ್ಲಿ ಮೂವತ್ತು ವರ್ಷ ಡ್ರೈಕ್ಲೀನರ್ ಇತ್ತು ಅಂತ ಒಂದೇ ಒಂದು ಸಾಲು ಇರತ್ತೆ. ತಲೆನೋವು ಶುರುವಾಗೋದೇ ಅಲ್ಲಿಂದ, ಯಾಕಂದ್ರೆ ಬಟ್ಟೆ ಕ್ಲೀನ್ ಮಾಡೋ ಸಾಲ್ವೆಂಟ್ ನೆಲದ ಕೆಳಗೆ ಇಳಿದಿರಬಹುದು. ಇದು ಆ ಸಾಲು ಓದಿ ನಿದ್ದೆಗೆಟ್ಟವರಿಗೆ ಬರೆದಿರೋದು. ಅಲ್ಲೇ ಬಾಡಿಗೆಗೆ ಇರೋವ್ರೂ ಓದಬಹುದು, ಓದಲೇಬೇಕು ಅನ್ನೋದು ನನ್ನ ಅಭಿಪ್ರಾಯ.

ಜನ ಓಡಾಡ್ತಿರೋ ಬಿಲ್ಡಿಂಗ್ ಆದ್ರೆ ಮೊದಲು ಗಾಳಿ, ಆಮೇಲೆ ಮಣ್ಣು, ಕೊನೆಗೆ ನೀರು. ಬಹಳ ಕಡೆ ಇದು ಉಲ್ಟಾ ನಡೆಯತ್ತೆ, ಯಾಕಂದ್ರೆ ಅಂತರ್ಜಲದ ಸ್ಯಾಂಪಲ್‌ನಲ್ಲಿ ಸಾಲ್ವೆಂಟ್ ನಂಬರ್ ಸಾವಿರಗಟ್ಟಲೆ ಬಂದಿರತ್ತೆ, ಎಲ್ಲರ ಕಣ್ಣೂ ಅದರ ಮೇಲೇನೇ. ಆದ್ರೆ ಆ ನೀರನ್ನ ಅಲ್ಲಿ ಯಾರೂ ಕುಡೀತಿಲ್ಲ, ಗಾಳೀನ ಎಲ್ಲರೂ ಉಸಿರಾಡ್ತಿದಾರೆ.

ಇದು ಕೆಳಗೆ ಹೋಗಿದ್ದು ಹೇಗೆ

ಡ್ರೈಕ್ಲೀನರ್‌ನವರು ಬಳಸ್ತಿದ್ದಿದ್ದು ಪಿಸಿಇ, ಅಂದ್ರೆ ಪರ್ಕ್ಲೋರೋಎಥಿಲೀನ್, ಎಲ್ಲರೂ ಪರ್ಕ್ ಅಂತಾರೆ. ಚಿಪ್ ಫ್ಯಾಕ್ಟರಿ, ಮೆಷಿನ್ ಶಾಪ್‌ಗಳಲ್ಲಿ ಜಿಡ್ಡು ತೆಗೆಯೋಕೆ ಇದ್ದಿದ್ದು ಟಿಸಿಇ, ಅಂದ್ರೆ ಟ್ರೈಕ್ಲೋರೋಎಥಿಲೀನ್. ಎರಡೂ ನೀರಿಗಿಂತ ಭಾರ, ಪಿಸಿಇ ಸುಮಾರು 1.6 ಪಟ್ಟು, ಹಾಗಾಗಿ ಪೆಟ್ರೋಲ್ ಥರ ಅಂತರ್ಜಲದ ಮೇಲೆ ತೇಲಲ್ಲ, ನೀರಿನೊಳಗೂ ಇಳೀತಾನೇ ಹೋಗತ್ತೆ, ಜೇಡಿಮಣ್ಣಿನ ಪದರ ಸಿಕ್ಕ ಕಡೆ ಪಕ್ಕಕ್ಕೆ ಹರಿದು ಗುಂಡಿ ಗುಂಡಿಯಾಗಿ ನಿಲ್ಲತ್ತೆ. ಹಳೇ ಮೆಷಿನ್‌ಗಳಲ್ಲಿ ಒದ್ದೆ ಬಟ್ಟೇನ ಕೈಯಲ್ಲೇ ವಾಷರ್‌ನಿಂದ ಡ್ರೈಯರ್‌ಗೆ ಎತ್ತಿ ಹಾಕ್ತಿದ್ರು, ದಾರಿ ಉದ್ದಕ್ಕೂ ತೊಟ್ಟಿಕ್ಕೋದು. ಸಾಲ್ವೆಂಟಿಂದ ನೀರು ಬೇರೆ ಮಾಡೋ ಸೆಪರೇಟರ್‌ನಿಂದ ಬರೋ ನೀರನ್ನ ಸೀದಾ ಚರಂಡಿಗೆ ಬಿಡೋರು, ಆ ಪೈಪಿನ ಜಾಯಿಂಟ್‌ಗಳು ಸೋರ್ತಿದ್ವು. ಫಿಲ್ಟರ್‌ನ ರಾಡಿ ಹಿಂದಿನ ಬಾಗಿಲ ಹತ್ರ. ಹಾಗಾಗಿ ಹುಡುಕೋಕೆ ಶುರು ಮಾಡೋವಾಗ ಮೂರು ಜಾಗ ಮೊದಲು ನೋಡಿ: ಮೆಷಿನ್ ಕೂತಿದ್ದ ಜಾಗ, ಚರಂಡಿ ಲೈನು, ಹಿಂದಿನ ಬಾಗಿಲು. ಕಾಂಕ್ರೀಟ್ ಇದೆಯಲ್ಲ ಅಂತ ಸಮಾಧಾನ ಮಾಡ್ಕೋಬೇಡಿ, ಬಿರುಕು ಇಲ್ಲದಿದ್ರೂ ಪಿಸಿಇ ಕಾಂಕ್ರೀಟ್ ಮೂಲಕ ನಿಧಾನಕ್ಕೆ ಇಳಿಯತ್ತೆ.

ಮೊದಲು ಕಾಗದ ಪತ್ರ, ಆದ್ರೆ ಬೇಗ ಮುಗ್ಸಿ

ಕಲುಷಿತ ಜಾಗಗಳ ಬಗ್ಗೆ ಅಮೆರಿಕದಲ್ಲಿರೋ 1980ರ ಸೂಪರ್‌ಫಂಡ್ ಕಾನೂನಿನ ಪ್ರಕಾರ ಚೆಲ್ಲಿದ್ದು ಯಾರೇ ಆಗಿರ್ಲಿ, ಈಗಿನ ಓನರ್ ಜವಾಬ್ದಾರನೇ. 2002ರಲ್ಲಿ ಬಂದ ತಿದ್ದುಪಡಿ ಪ್ರಕಾರ ತಗೊಳ್ಳೋಕೆ ಮುಂಚೆ ಸರಿಯಾಗಿ ಫೇಸ್ ಒನ್ ಮಾಡ್ಸಿದ್ರೆ ಸ್ವಲ್ಪ ರಕ್ಷಣೆ ಇದೆ, ಆದ್ರೆ ಆ ರಿಪೋರ್ಟಿನ ಮುಖ್ಯ ಭಾಗಗಳು 180 ದಿನಕ್ಕಿಂತ ಹಳೇದಾಗಿರಬಾರದು, ಮತ್ತೆ ತಗೊಂಡ ಮೇಲೆ ಕೈಕಟ್ಟಿ ಕೂತ್ರೆ ಆ ರಕ್ಷಣೆ ಹೋಗತ್ತೆ. ಎನ್ವಿರಾನ್ಮೆಂಟಲ್ ಲಾಯರ್ ಒಬ್ಬರನ್ನ ಮೊದಲ ವಾರದಲ್ಲೇ ಹಿಡ್ಕೊಳ್ಳಿ.

ಜಿಯೋಟ್ರ್ಯಾಕರ್ ಮತ್ತೆ ಎನ್ವಿರೋಸ್ಟಾರ್ ಅಂತ ಕ್ಯಾಲಿಫೋರ್ನಿಯಾ ಸರ್ಕಾರದ ಎರಡು ವೆಬ್‌ಸೈಟ್ ಇವೆ, ಫ್ರೀ, ಅಡ್ರೆಸ್ ಹಾಕಿದ್ರೆ ಅಕ್ಕಪಕ್ಕದ ಕೇಸ್‌ಗಳೆಲ್ಲ ರಿಪೋರ್ಟ್ ಸಮೇತ ಬರತ್ತೆ. ಪಕ್ಕದ ಸೈಟ್‌ನಲ್ಲಿ ಮಣ್ಣು ಹೇಗಿದೆ, ನೀರು ಎಷ್ಟು ಅಡಿಗೆ ಸಿಗತ್ತೆ, ಯಾವ ಕಡೆ ಹರಿಯತ್ತೆ ಅಂತ ಅಲ್ಲೇ ಗೊತ್ತಾಗಿಬಿಡತ್ತೆ, ನೀವು ಕನ್ಸಲ್ಟೆಂಟ್‌ಗೆ ದುಡ್ಡು ಕೊಡೋಕೆ ಮುಂಚೆನೇ.

ಇನ್ನೊಂದು ವಿಷಯ, ಇದನ್ನ ತುಂಬಾ ಜನ ಬಿಟ್ಟುಬಿಡ್ತಾರೆ. 1986ಕ್ಕಿಂತ ಮುಂಚಿನ ಜನರಲ್ ಲಯಬಿಲಿಟಿ ಇನ್ಶೂರೆನ್ಸ್ ಪಾಲಿಸಿಗಳಲ್ಲಿ ಪೊಲ್ಯೂಷನ್ ಅನ್ನ ಪೂರ್ತಿ ಹೊರಗಿಡೋ ಷರತ್ತು ಸಾಮಾನ್ಯವಾಗಿ ಇರ್ತಿರಲಿಲ್ಲ. ಹಳೇ ಓನರ್ ಅಥವಾ ಡ್ರೈಕ್ಲೀನರ್ ಹೆಸರಲ್ಲಿ ಅಂಥ ಪಾಲಿಸಿ ಇತ್ತು ಅಂತ ತೋರ್ಸೋಕೆ ಆದ್ರೆ, ಕಂಪನಿ ಈಗ ಬೇರೆ ಹೆಸರಲ್ಲಿ ಇದ್ರೂ ಕ್ಲೈಮ್ ಹಾಕಬಹುದು. ಹಳೇ ಲೀಸ್ ಅಗ್ರಿಮೆಂಟು, ಚೆಕ್ ಪುಸ್ತಕದ ಕೌಂಟರ್ ಫಾಯಿಲ್, ಗ್ಯಾರೇಜಿನ ಡಬ್ಬದಲ್ಲಿರೋ ಸರ್ಟಿಫಿಕೇಟು, ಏನೂ ಬಿಸಾಕಬೇಡಿ. ಇದನ್ನೇ ಹುಡುಕೋ ಕಸುಬಿನವರೂ ಇದಾರೆ. ಜೊತೆಗೆ 2014ರ ಒಂದು ರಾಜ್ಯ ಕಾನೂನಿನಿಂದ ಬಂದ ಸೈಟ್ ಕ್ಲೀನಪ್ ಗ್ರ್ಯಾಂಟ್ ಇದೆ, ರಾಜ್ಯದ ವಾಟರ್ ಬೋರ್ಡ್ ಕೊಡೋದು, ಚೆಲ್ಲಿದವರ ಹತ್ರ ದುಡ್ಡಿಲ್ಲದ ಕೇಸ್‌ಗಳಿಗೆ. ಅರ್ಜಿ ಹಾಕಿ ಕಾಯ್ಬೇಕು, ಅಷ್ಟೇ.

ಆಮೇಲೆ ಇಂಥ ಕ್ಲೀನಪ್ ನೋಡ್ಕೊಳ್ಳೋ ರೀಜನಲ್ ವಾಟರ್ ಬೋರ್ಡ್‌ಗೆ ತಿಳಿಸಿ ಕೇಸ್ ಓಪನ್ ಮಾಡ್ಸೋದು. ಅವರ ಸ್ಟಾಫ್ ನಿಮ್ಮ ಫೈಲ್ ನೋಡಿದ ಗಂಟೆಗೂ ನಿಮಗೇ ಬಿಲ್ ಬರತ್ತೆ, ಶಾಕ್ ಆಗ್ಬೇಡಿ. ಕೇಸ್ ಓಪನ್ ಆದ್ಮೇಲೆ ನಿಮ್ಮ ರಿಪೋರ್ಟ್‌ಗಳೂ ಅದೇ ಜಿಯೋಟ್ರ್ಯಾಕರ್‌ನಲ್ಲಿ ಊರಿಗೆಲ್ಲ ಕಾಣತ್ತೆ, ಆದ್ರಿಂದ ಬಾಡಿಗೆದಾರರು ತಾವಾಗೇ ಹುಡುಕಿ ಗಾಬರಿಯಾಗಿ ಫೋನ್ ಮಾಡೋಕೆ ಮುಂಚೆ ನೀವೇ ಕೂರ್ಸಿಕೊಂಡು ಹೇಳಿ. ಲಾಯರ್ ಬೇಡ ಅನ್ನಬಹುದು. ನಾನು ಹೇಳಿ ಅಂತೀನಿ.

ಗಾಳಿ: ಇಲ್ಲಿ ನಿಧಾನ ಮಾಡೋಹಾಗಿಲ್ಲ

ಮಣ್ಣಿನೊಳಗಿನ ಸಾಲ್ವೆಂಟ್ ಆವಿಯಾಗಿ ಮೇಲೆ ಬರತ್ತೆ, ನೆಲದ ಬಿರುಕು, ಪೈಪ್ ಹಾದುಹೋಗಿರೋ ತೂತು, ಒಣಗಿದ ಫ್ಲೋರ್ ಡ್ರೈನ್ ಇವುಗಳಿಂದ ಒಳಗೆ ನುಗ್ಗತ್ತೆ. ಇದಕ್ಕೆ ವೇಪರ್ ಇಂಟ್ರೂಷನ್ ಅಂತಾರೆ. ಪಿಸಿಇ ಅಷ್ಟೇ ಇದ್ರೆ ಲೆಕ್ಕ ವರ್ಷಗಟ್ಟಲೆ ಉಸಿರಾಡಿದಾಗಿನ ಕ್ಯಾನ್ಸರ್ ರಿಸ್ಕಿನದು, ಬೇ ಏರಿಯಾದಲ್ಲಿ ಆಫೀಸು ಅಂಗಡಿಗಳ ಒಳಗಿನ ಗಾಳಿಗೆ ಸ್ಕ್ರೀನಿಂಗ್ ಮಟ್ಟ, ಅಂದ್ರೆ ದಾಟಿದ್ರೆ ಯೋಚನೆ ಮಾಡ್ಬೇಕಾದ ಅಂಕಿ, ಕ್ಯೂಬಿಕ್ ಮೀಟರ್‌ಗೆ 2 ಮೈಕ್ರೋಗ್ರಾಂ. ಟಿಸಿಇ ಇದ್ರೆ ಕಥೆ ಬೇರೆ. ಗರ್ಭದ ಮೊದಲ ವಾರಗಳಲ್ಲಿ ಸ್ವಲ್ಪ ದಿನ ಉಸಿರಾಡಿದ್ರೂ ಮಗುವಿನ ಹೃದಯಕ್ಕೆ ತೊಂದರೆ ಆಗಬಹುದು ಅನ್ನೋ ಆತಂಕದಿಂದ ಅಮೆರಿಕದ ಪರಿಸರ ಸಂಸ್ಥೆ ಇಪಿಎಯ ಸ್ಯಾನ್ ಫ್ರಾನ್ಸಿಸ್ಕೋ ಆಫೀಸು 2014ರಲ್ಲಿ ಒಂದು ಮಟ್ಟ ಇಟ್ಟಿತು, ಎಂಟು ಗಂಟೆ ಕೆಲಸದ ಜಾಗಕ್ಕೆ 8 ಮೈಕ್ರೋಗ್ರಾಂ, ಅದು ದಾಟಿದ್ರೆ ಕೆಲವೇ ವಾರದೊಳಗೆ ಕ್ರಮ, ಅದರ ಮೂರು ಪಟ್ಟು ಆದ್ರೆ ತಕ್ಷಣ. ಪಿಸಿಇ ಮಣ್ಣಿನಲ್ಲಿ ಕೊಳೆತಾಗ ಟಿಸಿಇ ಆಗತ್ತೆ ಅನ್ನೋದು ನೆನಪಿರ್ಲಿ, ಹಾಗಾಗಿ ಡ್ರೈಕ್ಲೀನರ್ ಸೈಟ್ ಆದ್ರೂ ಎರಡನ್ನೂ ಅಳೀಬೇಕು.

ಅಳೆಯೋದು ಹೇಗೆ ಅಂದ್ರೆ, ಸುಮ್ಮಾ ಕ್ಯಾನಿಸ್ಟರ್ ಅಂತ ಆರು ಲೀಟರ್‌ನ ಹೊಳೆಯೋ ಸ್ಟೀಲ್ ಡಬ್ಬಿ ಬರತ್ತೆ, ಒಳಗೆ ಪೂರ್ತಿ ವ್ಯಾಕ್ಯೂಮ್, ಬಾಯಿಗೆ ಗಾಳಿ ನಿಧಾನಕ್ಕೆ ಒಳಗೆ ಬಿಡೋ ಕಂಟ್ರೋಲರ್. ಕೂತಾಗ ನಿಂತಾಗ ಮೂಗು ಬರೋ ಎತ್ತರಕ್ಕೆ, ಮೂರರಿಂದ ಐದಡಿ, ಇಟ್ಟು ವಾಲ್ವ್ ತೆಗೀತಾರೆ. ಶುರುವಿನಲ್ಲಿ ಗೇಜ್ ಮೈನಸ್ 30 ಇಂಚು ಹತ್ರ ಇರ್ಬೇಕು, ಎಂಟು ಗಂಟೆ ಆದ್ಮೇಲೆ ಮೈನಸ್ 5ರ ಆಸುಪಾಸು. ಸೊನ್ನೆಗೆ ಬಂದಿದ್ರೆ ಮಧ್ಯಾಹ್ನಕ್ಕೇ ತುಂಬಿಹೋಗಿದೆ ಅಂತ, ಆ ಸ್ಯಾಂಪಲ್ ಇಡೀ ದಿನದ ಲೆಕ್ಕಕ್ಕೆ ಬರಲ್ಲ. ಈ ಎರಡು ಗೇಜ್ ರೀಡಿಂಗ್ ರಿಪೋರ್ಟ್‌ನಲ್ಲಿ ಬರೆದಿದಾರಾ ಅಂತ ನೀವೇ ನೋಡಿ, ಕನ್ಸಲ್ಟೆಂಟ್ ಕೆಲಸ ಹೇಗೆ ಅಂತ ಅಲ್ಲೇ ಗೊತ್ತಾಗತ್ತೆ. ಹೊರಗಿನ ಗಾಳಿಯ ಸ್ಯಾಂಪಲ್ ಒಂದು ಜೊತೆಗೇ ಬೇಕು. ಅಂಗಡಿಯೊಳಗಿನ ಅಂಟು, ಸ್ಪಾಟ್ ರಿಮೂವರ್, ಏರೋಸಾಲ್ ಡಿಗ್ರೀಸರ್ ಎಲ್ಲ ಒಂದೆರಡು ದಿನ ಮುಂಚೆನೇ ಹೊರಗೆ ಸಾಗಿಸಿ, ಇಲ್ಲಾಂದ್ರೆ ನೆಲದಿಂದ ಬಂದಿದ್ಯಾವ್ದು ಕಪಾಟಿನಿಂದ ಬಂದಿದ್ಯಾವ್ದು ಅಂತ ಜಗಳ.

ಎಸಿ ಓಡ್ತಿದ್ದಾಗ ಒಂದ್ಸಲ, ವೀಕೆಂಡ್‌ನಲ್ಲಿ ಒಂದೂವರೆ ದಿನ ಆಫ್ ಮಾಡಿಟ್ಟು ಇನ್ನೊಂದ್ಸಲ ತಗೊಳ್ಳಿ. ಮೌಂಟನ್ ವ್ಯೂನ ಮಿಡಲ್‌ಫೀಲ್ಡ್-ಎಲ್ಲಿಸ್-ವಿಸ್ಮನ್ ಸೂಪರ್‌ಫಂಡ್ ಸೈಟ್, ಫೇರ್‌ಚೈಲ್ಡ್, ಇಂಟೆಲ್, ರೇಥಿಯಾನ್ ಕಂಪನಿಗಳ ಹಳೇ ಚಿಪ್ ಕಾರ್ಖಾನೆಗಳ ಜಾಗ, ಈಗ ಅದರ ಮೇಲೆಲ್ಲ ಆಫೀಸುಗಳು. 2012ರ ಕೊನೆಗೆ ಅಲ್ಲಿ ಗೂಗಲ್‌ನ ಬಿಲ್ಡಿಂಗ್‌ಗಳ ಒಳಗೆ ಟಿಸಿಇ ಮಿತಿ ದಾಟಿತ್ತು, ಆವಾಗ ವೆಂಟಿಲೇಶನ್ ಸಿಸ್ಟಮ್ಮಿನ ಕೆಲಸ ನಡೀತಿತ್ತು. ಅಂದ್ರೆ ಎಷ್ಟೋ ಬಿಲ್ಡಿಂಗ್‌ಗಳನ್ನ ಬರೀ ಎಸಿ ಫ್ಯಾನ್ ಕಾಪಾಡ್ತಿರತ್ತೆ, ಕರೆಂಟ್ ಬಿಲ್ ಉಳಿಸೋಕೆ ಯಾರೋ ಹೊರಗಾಳಿಯ ಡ್ಯಾಂಪರ್ (ಹೊರಗಿನ ಗಾಳಿ ಒಳಗೆ ಬಿಡೋ ತಟ್ಟೆ) ಮುಚ್ಚಿದ್ರೆ ಮುಗೀತು.

ನಂಬರ್ ಜಾಸ್ತಿ ಬಂದ್ರೆ ಅವತ್ತೇ ಮಾಡೋ ಕೆಲಸಗಳು: ಹೊರಗಾಳಿಯ ಡ್ಯಾಂಪರ್ ತೆಗ್ಸಿ, ಅಂಗಡಿ ತೆರೆಯೋಕೆ ಎರಡ್ಮೂರು ಗಂಟೆ ಮುಂಚೆನೇ ಫ್ಯಾನ್ ಶುರುವಾಗೋ ಹಾಗೆ ಟೈಮರ್ ಇಡ್ಸಿ, ಒಣಗಿದ ಫ್ಲೋರ್ ಡ್ರೈನ್‌ಗೆಲ್ಲ ಒಂದೊಂದು ಬಕೆಟ್ ನೀರು ಹಾಕಿ, ಬಿರುಕಿಗೆ ಎಪಾಕ್ಸಿ ಅಥವಾ ಪಾಲಿಯುರೆಥೇನ್ ಸೀಲಂಟ್, ಕಾರ್ಬನ್ ಫಿಲ್ಟರ್ ಇರೋ ಏರ್ ಪ್ಯೂರಿಫೈಯರ್ ಬಾಡಿಗೆಗೆ ತನ್ನಿ. ಬರೀ ಹೆಪಾ ಫಿಲ್ಟರ್ ತಂದಿಟ್ರೆ ಏನೂ ಪ್ರಯೋಜನ ಇಲ್ಲ, ಅದು ಧೂಳು ಹಿಡಿಯತ್ತೆ, ಆವಿ ಹಿಡಿಯಲ್ಲ. ದೋಸೆ ಹೋಟೆಲ್‌ನ ಅಡಿಗೆ ಮನೆಯ ಎಕ್ಸಾಸ್ಟ್ ಕಡೆ ಸ್ಪೆಷಲ್ ಗಮನ ಕೊಡಿ, ಅಷ್ಟು ದೊಡ್ಡ ಹುಡ್ ಗಾಳಿ ಎಳೀತಿದ್ದು ಅದಕ್ಕೆ ಸರಿಯಾಗಿ ಹೊರಗಿಂದ ಗಾಳಿ ಬರ್ದಿದ್ರೆ ಅದು ನೆಲದ ಕೆಳಗಿಂದಾನೇ ಎಳ್ಕೊಳತ್ತೆ, ಪಕ್ಕದ ಡಾನ್ಸ್ ಕ್ಲಾಸಿನ ನೆಲದಿಂದಲೂ.

ನೆಲದ ಕೆಳಗೆ ವ್ಯಾಕ್ಯೂಮ್

ಫ್ಯಾನ್ ಟೈಮರ್ ತಾತ್ಕಾಲಿಕ. ಗಟ್ಟಿ ಪರಿಹಾರ ಸಬ್‌ಸ್ಲ್ಯಾಬ್ ಡಿಪ್ರೆಶರೈಸೇಶನ್, ಮಣ್ಣಿನಿಂದ ಬರೋ ರೇಡಾನ್ ಗ್ಯಾಸಿಗೆ ಮನೆಗಳಲ್ಲಿ ಮಾಡ್ತಾರಲ್ಲ ಅದೇ. ನೆಲ ಕೊರೆದು ಪಿವಿಸಿ ಪೈಪ್ ಇಳಿಸಿ ಛಾವಣಿ ಮೇಲೆ ಫ್ಯಾನ್ ಕೂರ್ಸೋದು, ಕಾಂಕ್ರೀಟ್ ಕೆಳಗಿನ ಒತ್ತಡ ಒಳಗಿನ ಒತ್ತಡಕ್ಕಿಂತ ಸ್ವಲ್ಪ ಕಮ್ಮಿ ಇದ್ರೆ ಆವಿ ಮೇಲೆ ಬರೋ ಬದ್ಲು ಪೈಪಿಗೆ ಹೋಗತ್ತೆ. ಬೇಕಾಗಿರೋ ವ್ಯತ್ಯಾಸ ಬರೀ ಕೆಲವು ಪ್ಯಾಸ್ಕಲ್.

ಪೈಪಿಗೆ ಕೊರೆಯೋ ಮುಂಚೆ ನೆಲದಲ್ಲಿ ಚಿಕ್ಕ ಚಿಕ್ಕ ತೂತು ಮಾಡಿ ಹಿತ್ತಾಳೆ ಪಿನ್ ಕೂರ್ಸಿ ಆವಿಯ ಸ್ಯಾಂಪಲ್ ತಗೋತಾರೆ. ಪಿನ್ ಕೂರ್ಸಿ ಎರಡು ಗಂಟೆ ಕಾಯ್ಬೇಕು, ಮೇಲೆ ಒಂದು ಪ್ಲಾಸ್ಟಿಕ್ ಡಬ್ಬ ಬೋರಲು ಹಾಕಿ ಒಳಗೆ ಹೀಲಿಯಂ ತುಂಬ್ತಾರೆ, ಸ್ಯಾಂಪಲ್‌ನಲ್ಲಿ ಹೀಲಿಯಂ ಜಾಸ್ತಿ ಸಿಕ್ಕಿದ್ರೆ ಮೇಲಿನ ಗಾಳಿ ಸೇರ್ಕೊಂಡಿದೆ ಅಂತ, ಅದನ್ನ ಬಿಟ್ಟು ಮತ್ತೆ ತಗೋಬೇಕು. ಹೊರಗಡೆ ಮಣ್ಣಿನ ಆವಿ ತಗೊಳ್ಳೋದಾದ್ರೆ ಅರ್ಧ ಇಂಚು ಮಳೆ ಬಿದ್ಮೇಲೆ ಐದು ದಿನ ಬಿಡ್ಬೇಕು. ಇಪಿಎ ಲೆಕ್ಕ ಏನಂದ್ರೆ ಕೆಳಗಿನ ಆವಿಯ ನೂರಕ್ಕೆ ಮೂರು ಭಾಗ ಒಳಗೆ ಬರಬಹುದು ಅಂತ, ಹಾಗಾಗಿ ಒಳಗೆ 2 ಮೈಕ್ರೋಗ್ರಾಂ ಮಿತಿ ಅಂದ್ರೆ ನೆಲದ ಕೆಳಗೆ 67 ದಾಟಿದ್ರೇ ಯೋಚನೆ ಮಾಡ್ಬೇಕು. ಮೆಷಿನ್ ಕೂತಿದ್ದ ಜಾಗದಲ್ಲಿ ಲಕ್ಷ ಬಂದ್ರೂ ಆಶ್ಚರ್ಯ ಇಲ್ಲ.

ಕಾಂಟ್ರಾಕ್ಟರ್ ಹತ್ರ ಕೇಳಬೇಕಾದ ಪ್ರಶ್ನೆ ಒಂದೇ: ವ್ಯಾಕ್ಯೂಮ್ ಎಲ್ಲೀವರೆಗೂ ತಲುಪ್ತು ಅಂತ ಟೆಸ್ಟ್ ಮಾಡಿದ್ರಾ? ಒಂದು ಪೈಪಿಗೆ ಫ್ಯಾನ್ ಹಾಕಿ ದೂರದ ಪಿನ್‌ಗಳಲ್ಲಿ ಮೈಕ್ರೋಮಾನೋಮೀಟರ್ (ತೀರಾ ಸಣ್ಣ ಒತ್ತಡ ಅಳೆಯೋ ಮೀಟರ್) ಇಟ್ಟು ನೋಡ್ಬೇಕು. ಕಾಂಕ್ರೀಟ್ ಕೆಳಗೆ ಜಲ್ಲಿ ಇದ್ರೆ ಒಂದೇ ಪೈಪು ಇಡೀ ಅಂಗಡಿಗೆ ಸಾಕಾಗಬಹುದು, ಒದ್ದೆ ಜೇಡಿ ಇದ್ರೆ ಹತ್ತಡಿ ಆಚೆನೂ ಹೋಗಲ್ಲ. ಕೊರೆಯೋಕೆ ಮುಂಚೆ ರೇಡಾರ್ ಸ್ಕ್ಯಾನ್ ಕಡ್ಡಾಯ, ನೆಲ ಪೋಸ್ಟ್ ಟೆನ್ಶನ್ ಆಗಿದ್ರೆ ಒಳಗಿನ ಬಿಗಿದ ಕೇಬಲ್ ತುಂಡಾದ್ರೆ ಕಾಂಕ್ರೀಟ್ ಸಿಡಿದು ಬರತ್ತೆ. ಹೊರಗೆ ಅಗೆಯೋದಾದ್ರೆ ನೆಲದೊಳಗಿನ ಪೈಪು, ಕೇಬಲ್ ಗುರುತು ಮಾಡ್ಸೋಕೆ 811ಗೆ ಫೋನ್.

ಪೈಪ್ ಮೇಲೆ ಬಣ್ಣದ ನೀರಿನ ಪುಟ್ಟ ಯು ಆಕಾರದ ಮಾನೋಮೀಟರ್ ಅಂಟ್ಸಿರ್ತಾರೆ. ಎರಡು ಕಡೆ ನೀರಿನ ಮಟ್ಟ ಒಂದೇ ಆಗಿದ್ರೆ ಫ್ಯಾನ್ ಸತ್ತಿದೆ ಅಂತ. ಅಂಗಡಿಯವರಿಗೆ ಇದನ್ನ ತೋರ್ಸಿ ಹೇಳ್ಕೊಡಿ, ಪಕ್ಕದಲ್ಲಿ ಕನ್ನಡದಲ್ಲೋ ಸ್ಪ್ಯಾನಿಷ್‌ನಲ್ಲೋ ಒಂದು ಚೀಟಿ ಅಂಟ್ಸಿ.

ಮಣ್ಣು: ಹೀರಿ ತೆಗೆಯೋದು

ಈಗ ಜನ ಸೇಫ್, ಮೂಲದ ಮೇಲೆ ಕೈ ಹಾಕಬಹುದು. ಖಾಲಿ ಜಾಗ ಆದ್ರೆ ಅಗೆದು ಲಾರಿಗೆ ತುಂಬಿ ಕಳಿಸ್ತಿದ್ರು, ಜನ ಇರೋ ಬಿಲ್ಡಿಂಗ್‌ನಲ್ಲಿ ಅದು ಸಾಮಾನ್ಯವಾಗಿ ಆಗಲ್ಲ, ಪಿಲ್ಲರ್ ಪಕ್ಕ ಅಗೆಯೋ ಧೈರ್ಯ ಯಾರಿಗಿದೆ. ನೀರಿನ ಮಟ್ಟದ ಮೇಲಿನ ಮಣ್ಣಿಗೆ ಒಳ್ಳೇ ವಿಧಾನ ಸಾಯಿಲ್ ವೇಪರ್ ಎಕ್ಸ್‌ಟ್ರಾಕ್ಷನ್, ಎಲ್ಲರೂ ಎಸ್‌ವಿಇ ಅಂತಾರೆ. ಬಾವಿಗಳಿಂದ ದೊಡ್ಡ ಬ್ಲೋವರ್ ಹಾಕಿ ಆವಿ ಎಳೆದು ಕಾರ್ಬನ್ ಡ್ರಮ್ ಮೂಲಕ ಬಿಟ್ಟು ಹೊರಗೆ ಹಾಕೋದು. ಬಾಗಿಲೊಳಗೆ ತೂರೋ ಚಿಕ್ಕ ರಿಗ್‌ಗಳು ಸಿಗತ್ತೆ, ಎಂಜಿನ್ ಹೊರಗಿಟ್ಟು ಹೈಡ್ರಾಲಿಕ್ ಹೋಸ್ ಮಾತ್ರ ಒಳಗೆ ತರೋಂಥದ್ದು ಕೇಳಿ, ಇಲ್ಲಾಂದ್ರೆ ಅಂಗಡಿಯೊಳಗೆ ಕಾರ್ಬನ್ ಮೊನಾಕ್ಸೈಡ್ ತುಂಬತ್ತೆ. ಇನ್ನೂ ಒಳ್ಳೇದಂದ್ರೆ ಪಾರ್ಕಿಂಗ್ ಲಾಟ್‌ನಿಂದ ಓರೆಯಾಗಿ ಅಥವಾ ಅಡ್ಡಡ್ಡ ಕೊರೆದು ಬಿಲ್ಡಿಂಗ್ ಕೆಳಗೆ ತಲುಪೋದು, ದುಬಾರಿ, ಆದ್ರೆ ಯಾರ ವ್ಯಾಪಾರಾನೂ ನಿಲ್ಲಲ್ಲ. ಒಳಗೇ ಕೊರೀಬೇಕಾದ್ರೆ ರಾತ್ರಿ ಹತ್ತರ ಮೇಲೆ, ಹೋಟೆಲ್ ಇದ್ರೆ ಮೊದಲು ಹೆಲ್ತ್ ಡಿಪಾರ್ಟ್‌ಮೆಂಟ್ ಜೊತೆ ಮಾತಾಡಿ.

ಬ್ಲೋವರ್‌ಗೆ ಬೇ ಏರಿಯಾ ಏರ್ ಡಿಸ್ಟ್ರಿಕ್ಟ್ ಪರ್ಮಿಟ್ ಬೇಕು, ಬರೋದು ತಡ ಆಗತ್ತೆ, ಮೊದಲೇ ಅರ್ಜಿ ಹಾಕಿ. ಬ್ಲೋವರ್ ಸದ್ದು ಮಾಡತ್ತೆ, ಕಸದ ಡಬ್ಬಿ ಇಡೋ ಕಡೆ ಗೋಡೆ ಕಟ್ಟಿ ಒಳಗಿಡಿ. ಮತ್ತೆ ಕಾರ್ಬನ್ ವಿಷಯಕ್ಕೆ ಒಂದು ಮಾತು: ಪಿಸಿಇ, ಟಿಸಿಇಯನ್ನ ಕಾರ್ಬನ್ ಚೆನ್ನಾಗಿ ಹಿಡಿಯತ್ತೆ, ಅವು ಕೊಳೆತಾಗ ಹುಟ್ಟೋ ವಿನೈಲ್ ಕ್ಲೋರೈಡ್‌ನ ಅಷ್ಟಾಗಿ ಹಿಡಿಯಲ್ಲ. ಅದು ಇದ್ರೆ ಪರ್ಮಾಂಗನೇಟ್ ಲೇಪಿಸಿದ ಮೀಡಿಯಾದ ಇನ್ನೊಂದು ಡ್ರಮ್ ಸೇರಿಸ್ಬೇಕು.

ಮೊದಲ ತಿಂಗಳುಗಳಲ್ಲಿ ಸಿಕ್ಕಾಪಟ್ಟೆ ಹೊರಗೆ ಬರತ್ತೆ, ಗ್ರಾಫ್ ಧಡ್ ಅಂತ ಇಳಿಯತ್ತೆ, ಎಲ್ಲರೂ ಖುಷಿ. ಆಮೇಲೆ ಗೆರೆ ಮಲಗಿಬಿಡತ್ತೆ, ಇಳಿಯೋದೇ ಇಲ್ಲ. ಯಾಕಂದ್ರೆ ಮರಳಿನಲ್ಲಿದ್ದಿದ್ದು ಖಾಲಿಯಾಗಿರತ್ತೆ, ಜೇಡಿಯೊಳಗೆ ಹೊಕ್ಕಿದ್ದು ನಿಧಾನಕ್ಕೆ ಬಿಡ್ತಾ ಇರತ್ತೆ, ಇಂಗಿನ ಡಬ್ಬಿ ಎಷ್ಟು ತೊಳೆದ್ರೂ ವಾಸನೆ ಹೋಗಲ್ವಲ್ಲ ಹಂಗೆ. ಆ ಹಂತದಲ್ಲಿ ಬ್ಲೋವರ್ ಕೆಲವು ತಿಂಗಳು ಆಫ್ ಮಾಡಿ ಆವಿ ಎಷ್ಟು ವಾಪಸ್ ಏರತ್ತೆ ನೋಡ್ಬೇಕು. ಏರಿದ್ರೆ ಮತ್ತೆ ಓಡ್ಸಿ. ಈ ರಿಬೌಂಡ್ ಟೆಸ್ಟ್ ಮಾಡದೆ ಕೆಲಸ ಮುಗೀತು ಅನ್ನೋ ಕಂಪನಿಗೆ ಕೊನೇ ಕಂತು ಕೊಡಬೇಡಿ.

ನೀರು: ಕೆಳಗೆ ಏನು ಸುರೀತಿದೀರ ಅಂತ ಎರಡ್ಸಲ ಕೇಳಿ

ಕುಡಿಯೋ ನೀರಿನಲ್ಲಿ ಪಿಸಿಇ, ಟಿಸಿಇ ಎರಡಕ್ಕೂ ಲೀಟರ್‌ಗೆ 5 ಮೈಕ್ರೋಗ್ರಾಂ ಮಿತಿ. ಹಳೇ ಕಾಲದ ವಿಧಾನ ಪಂಪ್ ಮಾಡಿ ಮೇಲೆ ತಂದು ಕ್ಲೀನ್ ಮಾಡೋದು, ಹರಡೋದನ್ನ ತಡೆಯೋಕೆ ಒಳ್ಳೇದು, ಮುಗಿಸೋಕೆ ಅಲ್ಲ. ಮೌಂಟನ್ ವ್ಯೂನಲ್ಲಿ ದಶಕಗಳಿಂದ ಪಂಪ್ ಆಗ್ತಾನೇ ಇದೆ. ಸನ್ನಿವೇಲ್‌ನ ಹಳೇ ಇಂಟರ್‌ಸಿಲ್ ಸೈಟ್‌ನಲ್ಲಿ 1995ರಲ್ಲಿ ಪಂಪ್ ಬಿಟ್ಟು ನೀರು ಹರಿಯೋ ದಾರೀಲಿ ಕಬ್ಬಿಣದ ಪುಡಿಯ ಗೋಡೆ ಹೂತ್ರು. ನೀರು ಅದರ ಮೂಲಕ ಹಾದಾಗ ಕ್ಲೋರಿನ್ ಕಳಚ್ಕೊಳತ್ತೆ, ಕರೆಂಟ್ ಖರ್ಚು ಇಲ್ಲ. ನಿಮ್ಮ ಜಾಗದ ಗಡಿಯಲ್ಲಿ ಜಾಗ ಇದ್ರೆ ಯೋಚನೆ ಮಾಡಬಹುದಾದ ವಿಧಾನ.

ಈಗ ಜಾಸ್ತಿ ನಡೆಯೋದು ಇಂಜೆಕ್ಷನ್. ಎರಡು ಜಾತಿ. ಒಂದು ಆಕ್ಸಿಡೈಸ್ ಮಾಡೋದು. ಪೊಟ್ಯಾಸಿಯಮ್ ಪರ್ಮಾಂಗನೇಟ್ ಪರವಾಗಿಲ್ಲ, ಆದ್ರೆ ಪಕ್ಕದ ಪೈಪ್ ಟ್ರೆಂಚ್ ಹಿಡ್ಕೊಂಡು ಹೋಗಿ ಯಾರದ್ದೋ ಬಾತ್‌ರೂಮಿನ ಡ್ರೈನ್‌ನಲ್ಲಿ ನೇರಳೆ ನೀರು ಉಕ್ಕಬಹುದು, ಹಾಗಾಗಿ ಅದನ್ನ ತಟಸ್ಥ ಮಾಡೋ ಥಯೋಸಲ್ಫೇಟ್ ಬಕೆಟ್ ಪಕ್ಕದಲ್ಲೇ ಇಟ್ಕೊಂಡು ಕಮ್ಮಿ ಒತ್ತಡದಲ್ಲಿ ಹಾಕ್ಬೇಕು. ಹೈಡ್ರೋಜನ್ ಪೆರಾಕ್ಸೈಡ್ ಹಾಕೋ ಫೆಂಟನ್ ವಿಧಾನ ಮಾತ್ರ ಜನ ಇರೋ ಬಿಲ್ಡಿಂಗ್ ಕೆಳಗೆ ಬೇಡ್ವೇ ಬೇಡ, ಬಿಸಿ ಏಳತ್ತೆ, ಗ್ಯಾಸ್ ಏಳತ್ತೆ, ಇರೋ ಆವೀನ ಅದೇ ಮೇಲೆ ತಳ್ಳತ್ತೆ.

ಇನ್ನೊಂದು ಬ್ಯಾಕ್ಟೀರಿಯಾ ವಿಧಾನ, ನನಗೆ ಇಷ್ಟ ಆಗೋದು ಇದು. ಸೋಯಾ ಎಣ್ಣೆಯ ಎಮಲ್ಷನ್ ನೀರಿಗೆ ಸೇರ್ಸಿದ್ರೆ ಆಮ್ಲಜನಕ ಖಾಲಿಯಾಗಿ ಡೀಹ್ಯಾಲೋಕೊಕಾಯ್ಡಿಸ್ ಅನ್ನೋ ಬ್ಯಾಕ್ಟೀರಿಯಾ ಕೆಲಸ ಶುರು ಮಾಡತ್ತೆ, ಪಿಸಿಇಯಿಂದ ಒಂದೊಂದೇ ಕ್ಲೋರಿನ್ ಕಿತ್ತು ಟಿಸಿಇ, ಆಮೇಲೆ ಡಿಸಿಇ, ಆಮೇಲೆ ವಿನೈಲ್ ಕ್ಲೋರೈಡ್, ಕೊನೆಗೆ ತೊಂದರೆ ಇಲ್ಲದ ಎಥೀನ್. ಆ ಬ್ಯಾಕ್ಟೀರಿಯಾ ಇಲ್ಲದಿದ್ರೆ ಡಿಸಿಇಯಲ್ಲೇ ನಿಂತುಹೋಗತ್ತೆ, ಅದಕ್ಕೇ ಲ್ಯಾಬ್‌ನಲ್ಲಿ ಬೆಳೆಸಿದ್ದನ್ನ ಗಾಳಿ ತಾಗದ ಸ್ಟೀಲ್ ಕೆಗ್‌ಗಳಲ್ಲಿ ತರ್ತಾರೆ. ಅಪಾಯ ಎರಡು: ಮಧ್ಯದಲ್ಲಿ ಹುಟ್ಟೋ ವಿನೈಲ್ ಕ್ಲೋರೈಡ್ ಮೂಲಕ್ಕಿಂತ ಕೆಟ್ಟದ್ದು, ಮತ್ತೆ ಎಣ್ಣೆ ಕೊಳೆತಾಗ ಮೀಥೇನ್ ಬರತ್ತೆ. ಗಾಳಿಯಲ್ಲಿ ಮೀಥೇನ್ ನೂರಕ್ಕೆ 5 ಭಾಗ ಆದ್ರೆ ಕಿಡಿ ತಗುಲಿದ್ರೆ ಸಾಕು. ಮೊದಲು ನೆಲದ ಕೆಳಗಿನ ವ್ಯಾಕ್ಯೂಮ್ ಹಾಕಿ ಅಂದಿದ್ದಕ್ಕೆ ಇದೂ ಒಂದು ಕಾರಣ, ಅದು ಓಡ್ತಿದ್ರೆ ಈ ಎರಡು ಗ್ಯಾಸೂ ಪೈಪ್ ಹಿಡ್ಕೊಂಡು ಛಾವಣಿಗೆ ಹೋಗತ್ತೆ. ಅದಿಲ್ಲದೆ ಎಣ್ಣೆ ಸುರಿಯೋಕೆ ಬಂದವರನ್ನ ವಾಪಸ್ ಕಳಿಸಿ. ಇಂಜೆಕ್ಷನ್‌ಗೆ ವಾಟರ್ ಬೋರ್ಡ್ ಒಪ್ಪಿಗೆ, ಬಾವಿ ಕೊರೆಯೋಕೆ ಸಾಂತಾ ಕ್ಲಾರಾ ಕೌಂಟಿಯಲ್ಲಿ ಅಲ್ಲಿನ ನೀರಿನ ಸಂಸ್ಥೆ ವ್ಯಾಲಿ ವಾಟರ್‌ನ ಪರ್ಮಿಟ್ ಬೇಕು.

ಎಲೆಕ್ಟ್ರೋಡ್ ಇಳಿಸಿ ಮಣ್ಣನ್ನೇ ಕುದಿಸೋ ವಿಧಾನಾನೂ ಇದೆ, ನೀರಿನ ಜೊತೆ ಸೇರಿದಾಗ ಟಿಸಿಇ 73 ಡಿಗ್ರಿಗೆ, ಪಿಸಿಇ 88 ಡಿಗ್ರಿಗೆ ಕುದಿಯತ್ತೆ. ಜೇಡಿಯೊಳಗಿಂದ ತೆಗೆಯೋದ್ರಲ್ಲಿ ಇದನ್ನ ಮೀರಿಸೋದು ಕಷ್ಟ, ಜನ ಇರೋ ಕಟ್ಟಡದ ಕೆಳಗೂ ಮಾಡಿದಾರೆ, ಆದ್ರೆ ಚಿಕ್ಕ ಶಾಪಿಂಗ್ ಸೆಂಟರ್ ಓನರ್‌ಗೆ ಆ ಬಿಲ್ಲು ತಡೆಯೋದಲ್ಲ.

ಊರಿನ ಕಡೆಯವರಿಗೆ ಒಂದು ಮಾತು, ಪೀಣ್ಯದಂಥ ಕಡೆ ಹಳೇ ಶೆಡ್ ತಗೊಳ್ಳೋರು ಇದೇ ಕಣ್ಣಿಂದ ನೋಡಿ. ಅಲ್ಲಿ ಅಂತರ್ಜಲದಲ್ಲಿ ಕ್ರೋಮಿಯಂ ಇರೋದು ಎಲ್ಲರಿಗೂ ಗೊತ್ತು, ಆದ್ರೆ ಪ್ಲೇಟಿಂಗ್‌ಗೆ ಮುಂಚೆ ಜಿಡ್ಡು ತೆಗೆಯೋ ಟ್ಯಾಂಕ್ ಇದ್ದ ಶೆಡ್‌ಗಳಲ್ಲಿ ಸಾಲ್ವೆಂಟ್ ಇರೋ ಸಾಧ್ಯತೆ ಯಾರೂ ಕೇಳಲ್ಲ. ಕಲುಷಿತ ಜಾಗಗಳಿಗೆ ಅಂತಾನೇ ಕೇಂದ್ರ ಸರ್ಕಾರ 2025ರ ಜುಲೈನಲ್ಲಿ ರೂಲ್ಸ್ ತಂದಿದೆ, ಕ್ಲೀನಪ್ ಖರ್ಚು ಕಲುಷಿತ ಮಾಡಿದವರದ್ದೇ ಅಂತ. ತಗೊಳ್ಳೋ ಮುಂಚೆ ಲಾಯರ್ ಹತ್ರ ಅದನ್ನ ಓದಿಸಿ.

ಮುಗ್ಸೋದು

ಪೂರ್ತಿ ಸೊನ್ನೆ ಆಗೋದು ಅಪರೂಪ. ಮೂಲ ತೆಗೆದಾಗಿದೆ, ನೀರಿನ ನಂಬರ್ ವರ್ಷ ವರ್ಷ ಇಳೀತಿದೆ, ಒಳಗಿನ ಗಾಳಿ ಸರಿ ಇದೆ ಅಂತ ತೋರ್ಸಿದ್ರೆ ಬೋರ್ಡ್ ಕೇಸ್ ಕ್ಲೋಸ್ ಮಾಡಬಹುದು, ಸಾಮಾನ್ಯವಾಗಿ ಜಾಗದ ಪತ್ರದ ಮೇಲೆ ಷರತ್ತು ಹಾಕಿ: ಮನೆ ಕಟ್ಟೋಹಾಗಿಲ್ಲ, ಬೋರ್‌ವೆಲ್ ತೋಡೋಹಾಗಿಲ್ಲ, ನೆಲದ ಕೆಳಗಿನ ಫ್ಯಾನ್ ಓಡ್ತಾನೇ ಇರ್ಬೇಕು. ಆ ಷರತ್ತುಗಳನ್ನ ಲೀಸ್‌ನಲ್ಲೂ ಬರೆಸಿ, ಮುಖ್ಯವಾಗಿ ಹೊಸ ಬಾಡಿಗೆದಾರ ಇಂಟೀರಿಯರ್ ಮಾಡ್ಸೋವಾಗ ನಿಮಗೆ ಹೇಳದೆ ನೆಲ ಕೊರೆಯೋಹಾಗಿಲ್ಲ ಅಂತ. ಕ್ಲೋಸರ್ ಲೆಟರ್ ಬರೋ ಮುಂಚೆ ನೀರಿನ ಸ್ಯಾಂಪಲ್ ತೆಗೆಯೋಕೆ ಕೊರೆದಿದ್ದ ಮಾನಿಟರಿಂಗ್ ಬಾವಿಗಳನ್ನೆಲ್ಲ ಪರ್ಮಿಟ್ ತಗೊಂಡು ಸಿಮೆಂಟ್ ಗ್ರೌಟ್ ತುಂಬಿ ಮುಚ್ಚಿಸ್ಬೇಕು. ಪಾರ್ಕಿಂಗ್ ಲಾಟ್‌ನಲ್ಲಿ ಟಾರ್ ಹಾಕೋವಾಗ ಒಂದೆರಡು ಬಾವಿಯ ಮುಚ್ಚಳ ಅದರ ಕೆಳಗೆ ಸೇರಿಹೋಗಿರತ್ತೆ, ಸರ್ವೇ ಮ್ಯಾಪ್ ಇಟ್ಕೊಂಡು ಮೆಟಲ್ ಡಿಟೆಕ್ಟರ್‌ನಲ್ಲಿ ಹುಡುಕ್ಸಿ.